ತೈಲ ಬೀಳುವುದು ಯಾರ ತಲೆಯ ಮೇಲೆ?

ಹಾರುತ್ತಿರುವ ವಿಮಾನವು ತನ್ನ ತೈಲವನ್ನು ಆಕಾಶದಲ್ಲಿಯೇ ಚೆಲ್ಲುವುದುಂಟೆಂದರೆ, ಅದು ಬರಿಯ ದುಂದೆಂದು ಜನರು ಭಾವಿಸುವುದು ಸಹಜ. ವಸ್ತುಸ್ಥಿತಿ ಹಾಗಲ್ಲ. ದೂರ ಪ್ರಯಾಣದ ವಿಮಾನವು, ದಾರಿಯಲ್ಲಿ ತೈಲ ಉರಿದು ಭಾರ ಕಡಮೆಯಾಗುವುದೆಂಬ ಲೆಕ್ಕದಿಂದಲೇ, ಇಳಿಯಲು ತಕ್ಕುದಕ್ಕಿಂತ ಹೆಚ್ಚಿನ ಭಾರವನ್ನು ಹೊತ್ತು ಏರುತ್ತದೆ. ಬೋಯಿಂಗ್ 777-200 ಇಆರ್ ವಿಮಾನವು ಸುಮಾರು 297 ಟನ್ ತೂಕದೊಡನೆ ಏರಬಲ್ಲುದು. ಇಳಿಯುವಾಗಲಾದರೋ 213 ಟನ್ನುಗಳೇ ಅದರ ಮಿತಿ. ಏರಿದೊಡನೆ ಯಂತ್ರ ಕೆಟ್ಟು ಹಿಂದಿರುಗಬೇಕಾದರೆ ಎರಡೇ ಮಾರ್ಗಗಳು: ತೈಲ ಚೆಲ್ಲಿ ಹಗುರವಾಗುವುದು, ಇಲ್ಲವೇ ಗಾಲಿ, ಬ್ರೇಕುಗಳಿಗೆ ಅಧಿಕ ಹೊರೆ ಹೊರಿಸಿ ಇಳಿದು ಆಮೇಲೆ ಕೂಲಂಕಷ ತಪಾಸಣೆಗೆ ಒಳಗಾಗುವುದು.

ಆದುದರಿಂದ ಈ ಕ್ರಮವನ್ನೇ ನಾವು ಆಕ್ಷೇಪಿಸುವುದಿಲ್ಲ. ಜನವಸತಿಯಿಂದ ದೂರದಲ್ಲಿ, 6,000 ಅಡಿಗಳಿಗೆ ಕಡಮೆಯಿಲ್ಲದ ಎತ್ತರದಲ್ಲಿ, ನಿಯಂತ್ರಕರಿಗೆ ತಿಳಿಸಿ ಚೆಲ್ಲಬೇಕೆಂಬುದು ಅಂತರರಾಷ್ಟ್ರೀಯ ಪದ್ಧತಿ. ಅಷ್ಟು ಎತ್ತರದಿಂದ ಬಿಟ್ಟ ತೈಲದ ಬಹುಭಾಗವು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ.

ಈ ಪದ್ಧತಿಯನ್ನು ಮೀರಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ನಿದರ್ಶನವೇ ಸಾಕು. 2020ನೆಯ ಜನವರಿ 14ರಂದು ಲಾಸ್ ಏಂಜಲೀಸಿನಿಂದ ಶಾಂಘೈಗೆ ಹೊರಟ ಡೆಲ್ಟಾ ಕಂಪೆನಿಯ ವಿಮಾನವು ಯಂತ್ರದೋಷದಿಂದ ಹಿಂದಿರುಗಿತು. ತೈಲ ಚೆಲ್ಲಬೇಕಾಗಿದೆಯೇ ಎಂದು ನಿಯಂತ್ರಕರು ಕೇಳಿದಾಗ ಇಲ್ಲವೆಂದೇ ಉತ್ತರ ಬಂದಿತು. ಆದರೂ ಅನಂತರ ಸುಮಾರು 15,000 ಗ್ಯಾಲನ್ ತೈಲವನ್ನು ಊರುಗಳ ಮೇಲೆಯೇ, ಕೆಳಮಟ್ಟದಲ್ಲಿಯೇ ಚೆಲ್ಲಲಾಯಿತು! ದುಡಿದುಣ್ಣುವವರ ಊರಾದ ಕಡಹೈಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿದ್ದ ಮಕ್ಕಳ ಮೈಮೇಲೆ ಅದು ತುಂತುರಾಗಿ ಬಿತ್ತು. ಚರ್ಮದ ಉರಿ, ಉಸಿರಾಟದ ತೊಂದರೆಗಳಿಂದ ಸುಮಾರು 60 ಜನರು ಚಿಕಿತ್ಸೆ ಪಡೆಯಬೇಕಾಯಿತು. ನಿವಾಸಿಗಳು ಹೂಡಿದ ವ್ಯಾಜ್ಯದಲ್ಲಿ ಕಂಪೆನಿಯು ಸುಮಾರು 7.9 ಕೋಟಿ ಡಾಲರುಗಳನ್ನು ತೆರಲು 2025ರಲ್ಲಿ ಒಪ್ಪಿತು. ಹಣವು ವ್ಯಾಜ್ಯವನ್ನು ತೀರಿಸೀತು, ಕರ್ತವ್ಯಲೋಪವನ್ನು ತೊಡೆಯಲಾರದು.

ಪ್ರಯಾಣಿಕರ ಪ್ರಾಣ ಮೊದಲಲ್ಲವೇ ಎಂದು ಕೆಲವರು ಕೇಳಬಹುದು. ಅಹುದು. 1998ನೆಯ ಸೆಪ್ಟೆಂಬರ್ 2ರಂದು ಹೊಗೆ ಕಂಡು ಹ್ಯಾಲಿಫ್ಯಾಕ್ಸಿನತ್ತ ತಿರುಗಿದ ಸ್ವಿಸ್‌ಏರ್ 111 ವಿಮಾನವು, ತೈಲ ಚೆಲ್ಲಲು ಕಡಲಿನತ್ತ ಹೊರಳಿ, ಬೆಂಕಿಗೆ ಸಿಲುಕಿ 229 ಜನರೊಡನೆ ಮುಳುಗಿತು. ನೇರವಾಗಿ ಹೋಗಿದ್ದರೂ ಅದು ಸುರಕ್ಷಿತವಾಗಿ ಇಳಿಯುವಂತಿರಲಿಲ್ಲವೆಂದು ಕೆನಡಾದ ತನಿಖೆ ಕಂಡುಕೊಂಡಿತು. ಆದರೂ ಬೆಂಕಿಯು ತೈಲ ಚೆಲ್ಲುವವರೆಗೆ ಕಾಯದೆಂಬುದನ್ನು ಆ ದುರಂತವು ಲೋಕಕ್ಕೆ ಕಲಿಸಿತು.

ಲಾಸ್ ಏಂಜಲೀಸಿನಲ್ಲಿ ಬೆಂಕಿ ಇರಲಿಲ್ಲ. ಸ್ಥಿತಿ ವಿಷಮವಲ್ಲವೆಂದು ಚಾಲಕರೇ ತಿಳಿಸಿದ್ದರು. ನಿಲ್ದಾಣದ ಮಗ್ಗುಲಲ್ಲಿಯೇ ಶಾಂತಸಾಗರವಿತ್ತು. ಸಮಯವಿದ್ದರೆ ಕಡಲಿಗೆ ಹೋಗಲಿ. ಇಲ್ಲದಿದ್ದರೆ ಭಾರದೊಡನೆಯೇ ಇಳಿಯಲಿ. ಶಾಲೆಯ ಮಕ್ಕಳ ನೆತ್ತಿಯ ಮೇಲೆ ಹಾಯುವ ಮೂರನೆಯ ಮಾರ್ಗವನ್ನು ಯಾವ ನಾಗರಿಕ ದೇಶವೂ ಸಹಿಸಕೂಡದು.