ಪರದೇಶದ ಪದವಿಯೂ ಎರೆಹೊಲದ ತೊಗರಿಯೂ

ಸಿಂದಗಿಯ ಸೀಮೆಯಲ್ಲಿ ಮಗನಾಗಲಿ ಮಗಳಾಗಲಿ ಜೀವರಸಾಯನ ಶಾಸ್ತ್ರದಲ್ಲಿ ಡಾಕ್ಟರ್ ಪದವಿಗಾಗಿ ಪರದೇಶಕ್ಕೆ ಹೋಗುವೆನೆಂದರೆ, ಹಿರಿಯರು ಎರಡು ಮಾತುಗಳನ್ನು ಆಡುವದುಂಟು: ಒಕ್ಕಲುತನದ ಮನೆಗೆ ಆ ವಿದ್ಯೆಯಿಂದೇನು ಪ್ರಯೋಜನ? ಹೆಣ್ಣುಮಕ್ಕಳಿಗಂತೂ ಅದೇಕೆ? ಈ ಎರಡಕ್ಕೂ ಡಾ. ಕಮಲಾ ಸೊಹೊನಿಯವರ ಚರಿತ್ರೆಯಲ್ಲಿ ಉತ್ತರವು ದೊರೆಯುವದು.

ಮುಂಬಯಿಯಲ್ಲಿ ಪದವೀಧರರಾಗಿ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹೆಂಗಸೆಂಬ ಕಾರಣದಿಂದ ಡಾಯರೆಕ್ಟರರಾದ ಸರ್ ಸಿ. ವಿ. ರಾಮನ್‌ರವರು ಮೊದಲು ಪ್ರವೇಶವನ್ನು ಕೊಡಲಿಲ್ಲ. ಇವರು ಪಟ್ಟು ಬಿಡದೆ, ಹಾಕಿದ ಕಟ್ಟಳೆಗಳಿಗೆ ಒಪ್ಪಿ ಸೇರಿದರು, ಶ್ರೀ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಸಸಾರಜನಕವನ್ನು ಅಭ್ಯಸಿಸಿದರು. ಬಳಿಕ ಇಂಗ್ಲಂಡದ ಕೇಂಬ್ರಿಜ್‌ಗೆ ಹೋಗಿ, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೊಕ್ರೋಮ್ ಸಿ ಎಂಬ ದ್ರವ್ಯವು ಬಟಾಟೆಯಂಥ ಸಸ್ಯಗಳಲ್ಲಿಯೂ ಇರುವದೆಂದು ತೋರಿಸಿ, 1939ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಅವರು ಅಲ್ಲಿಯೇ ನೆಲೆಸಲಿಲ್ಲ. ಅದೇ ವರ್ಷ ತಿರುಗಿ ಬಂದು, ಮುಂದೆ ಕೂನೂರಿನಲ್ಲಿಯೂ ಮುಂಬಯಿಯಲ್ಲಿಯೂ ಬಡವರ ಆಹಾರವನ್ನೇ ಶೋಧನೆಗೆ ಆರಿಸಿಕೊಂಡರು. ಹಸಿ ಬೇಳೆಕಾಳುಗಳಲ್ಲಿ ಸಸಾರಜನಕದ ಪಚನಕ್ಕೆ ಅಡ್ಡಿಮಾಡುವ ದ್ರವ್ಯಗಳಿರುವವು. ಚೆನ್ನಾಗಿ ಬೇಯಿಸಿದರೆ ಅವು ಬಹುಮಟ್ಟಿಗೆ ಅಳಿಯುವವು. ಇಂಥ ದ್ರವ್ಯಗಳನ್ನು ಅವರು ಪರೀಕ್ಷಿಸಿದರು. ಜೋಳದಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ತೊಗರಿ, ಕಡಲೆಗಳು ಅದನ್ನು ತುಂಬಿಕೊಡುವವು. ಬಿಳಿಜೋಳದ ರೊಟ್ಟಿಗೆ ಬೇಳೆಯ ಜೊತೆ ಬೇಕೆಂಬ ಹಿರಿಯರ ರೂಢಿಗೆ ಈ ಶಾಸ್ತ್ರವೇ ಆಧಾರ. ಹೀಗಿರಲು ಒಕ್ಕಲಿಗನ ಮನೆಗೆ ಇದು ಪರಕೀಯ ವಿದ್ಯೆಯೆಂತಾದೀತು?

ಹೋದವರು ಮರಳುವದಿಲ್ಲವೆಂಬ ದೂರೇನೂ ಸುಳ್ಳಲ್ಲ. ಆದರೆ ಊರಿನ ಪ್ರಶ್ನೆಯನ್ನು ಕಟ್ಟಿಕೊಂಡು ಹೋದವನಿಗೆ ಊರಿಗೆ ಬರುವ ದಾರಿಯೂ ಇರುವದು. ಮಳೆ ಕೈಕೊಟ್ಟ ವರ್ಷ ಎರೆಹೊಲದ ತೊಗರಿಯ ಕಾಳಿನಲ್ಲಿ ಸಸಾರಜನಕವು ಎಷ್ಟಾಗುವದು? ಇಂಥ ಪ್ರಶ್ನೆಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸ್ಥಳದಲ್ಲಿ ಮೊದಲು ಹಿಡಿದು, ಆಮೇಲೆ ಸಮುದ್ರ ದಾಟುವದು ಲೇಸು.

ಪಾಲಕರು ಇನ್ನೊಂದನ್ನು ಲಕ್ಷ್ಯದಲ್ಲಿಡತಕ್ಕದ್ದು. ಈ ಪದವಿಗಾಗಿ ಹೊಲವನ್ನು ಒತ್ತೆಯಿಡುವದು ಸಲ್ಲದು. ಅಮೇರಿಕೆಯ ಅನೇಕ ವಿಶ್ವವಿದ್ಯಾಲಯಗಳು ಈ ಶಾಸ್ತ್ರದ ಡಾಕ್ಟರ್ ಪದವಿಯ ವಿದ್ಯಾರ್ಥಿಗಳಿಗೆ ಫೀಯನ್ನು ಮನ್ನಾ ಮಾಡಿ, ಬೋಧನೆ ಅಥವಾ ಶೋಧನೆಯ ಕೆಲಸಕ್ಕೆ ವೇತನವನ್ನೂ ಕೊಡುವವು. ಅಂಥ ಒಪ್ಪಿಗೆಯ ಪತ್ರವು ಕೈಗೆ ಬಂದ ಮೇಲೆಯೇ ಹೊರಡುವದು ಜಾಣತನ. ಪತ್ರ ಬಂದಾಗ ಮಗಳೆಂದು ಹಿಂಜರಿಯಬಾರದು. ಬಿತ್ತುವಾಗ ಒಕ್ಕಲಿಗನು ಬೀಜದ ಕಸುವನ್ನು ನೋಡುವನಲ್ಲದೆ ಬೇರೇನನ್ನೂ ನೋಡುವದಿಲ್ಲ.