ಜೋಳಿಗೆ ತುಂಬಿತು, ಓಣಿ ಬದಲಾಯಿತೇ?

ಆಗಸ್ಟ್ 1, ವ್ಯಸನಮುಕ್ತ ದಿನ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳ ಜಯಂತಿ. ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳು ಕಾಸು ಬೇಡಲಿಲ್ಲ, ಜನರ ಚಟಗಳನ್ನು ಬೇಡಿದರು. ಆ ದಿನ ನಾವು ಮಾಡುವುದೇನು? ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಚಾಚಿಸಿ, ಪ್ರತಿಜ್ಞೆ ಹೇಳಿಸಿ, ಫೋಟೋ ತೆಗೆಸುತ್ತೇವೆ. ಮಕ್ಕಳು ಗೇಟು ದಾಟಿದರೆ ಎದುರಿಗೇ ಪಾನ್‌ಶಾಪು.

ಚಟ ಹುಡುಗನ ಮನಸ್ಸಿನಲ್ಲೇ ಹುಟ್ಟುತ್ತದೆ, ಬುದ್ಧಿ ಹೇಳಿದರೆ ಬಿಡುತ್ತಾನೆ ಎಂಬ ನಂಬಿಕೆ ನಮ್ಮ ಪ್ರವಚನಗಳಲ್ಲಿ ಬೇರುಬಿಟ್ಟಿದೆ. ಐಸ್‌ಲ್ಯಾಂಡಿನವರು ಹೀಗೆ ನಂಬಿ ಕೂಡಲಿಲ್ಲ. 1998ರಲ್ಲಿ ಅಲ್ಲಿನ 15–16ರ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. ದಿನವೂ ಸಿಗರೇಟು ಸೇದುವವರು ಶೇ. 23. ಇಂಗಾ ದೋರಾ ಸಿಗ್ಫುಸ್‌ದೋತ್ತಿರ್ ಮತ್ತು ಸಂಗಡಿಗ ಸಂಶೋಧಕರು ಮಕ್ಕಳನ್ನೇ ಕೇಳಿದರು: ಕುಡಿಯುತ್ತೀರಾ ಎಂದಷ್ಟೇ ಅಲ್ಲ, ತಂದೆತಾಯಿಯೊಡನೆ ಎಷ್ಟು ಹೊತ್ತು ಇರುತ್ತೀರಿ, ರಾತ್ರಿ ಎಷ್ಟು ಹೊತ್ತಿನವರೆಗೆ ಹೊರಗಿರುತ್ತೀರಿ, ಆಟ ಆಡುತ್ತೀರಾ? ಉತ್ತರಗಳನ್ನು ಕಪಾಟಿನಲ್ಲಿ ಇಡಲಿಲ್ಲ, ಆಯಾ ಊರಿಗೆ, ಆಯಾ ಶಾಲೆಗೆ ಮರಳಿಸಿದರು. ಮದ್ಯಕ್ಕೆ 20, ತಂಬಾಕಿಗೆ 18 ವರ್ಷದ ಮಿತಿ, ಎರಡರ ಜಾಹೀರಾತಿಗೂ ತಡೆ. ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ 10ರ ಮೇಲೆ ಹಿರಿಯರಿಲ್ಲದೆ ಹೊರಗಿರುವಂತಿಲ್ಲ. ಪಾಲಕರು ತಾವೇ ಗುಂಪು ಕಟ್ಟಿಕೊಂಡು ಓಣಿ ಓಣಿ ಅಡ್ಡಾಡಿದರು. ಆಟಕ್ಕೆ, ಸಂಗೀತಕ್ಕೆ ಸರಕಾರದ ಹಣ ಬಂತು. 2016ರ ಹೊತ್ತಿಗೆ ಆ 42 ಹೋಗಿ 5 ಆಯಿತು, 23 ಹೋಗಿ 3.

ಅದು ಸಿರಿವಂತ ದೇಶ, ಒಟ್ಟು ಜನ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಎನ್ನಬಹುದು. ನಿಜ. ಆದರೆ ಅವರಿಗಿಲ್ಲದ ಮಠ ನಮ್ಮ ಊರೂರಲ್ಲಿದೆ. ಪ್ರಸಾದ ನಿಲಯಗಳಿವೆ, ಶಾಲೆಗಳಿವೆ, ಅಕ್ಕನ ಬಳಗಗಳಿವೆ. ಶ್ರಾವಣ ಕಳೆದ ಮೇಲೆ ಬೀಗ ಬೀಳುವ ಅನುಭವ ಮಂಟಪಗಳೂ ಇವೆ. ಸಂಜೆ ಆ ಬೀಗ ತೆಗೆದು ಹುಡುಗರಿಗೆ ಒಂದು ವಾಲಿಬಾಲ್ ಕೊಡಲು ಎಷ್ಟು ಖರ್ಚು?

ಕಾನೂನೂ ನಮ್ಮ ಕಡೆಗೇ ಇದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ ಹೇಳುತ್ತದೆ. ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟರೆ 7 ವರ್ಷದವರೆಗೆ ಜೈಲು ಎಂದು 2015ರ ಬಾಲನ್ಯಾಯ ಕಾಯ್ದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ, ಎರಡನ್ನೂ ಬಾಯಲ್ಲಿ ಕೂಡಿಸಿದರೆ ಮತ್ತೆ ಗುಟ್ಕಾ. ಇದು ಗೊತ್ತಿಲ್ಲದವರು ಯಾರಿದ್ದಾರೆ?

ಬಾಯಿ ಬಿಡದಿರಲು ಕಾರಣ ಬೇರೆಯೇ ಇದೆ. ಬಾರ್ ನಡೆಸುವ ಧಣಿ ಜಾತ್ರೆಯ ದಾಸೋಹಕ್ಕೆ ಅಕ್ಕಿ ಕಳಿಸಿದರೆ ಅವರಿಗೆ ವೇದಿಕೆಯ ಮೇಲೆ ಶಾಲು, ಹಾರ. ಅದೇ ವೇದಿಕೆಯಲ್ಲಿ ಹುಡುಗರಿಗೆ ವ್ಯಸನದ ಉಪದೇಶ! ಕಾಯಕ ಶುದ್ಧವಿಲ್ಲದ ದಾಸೋಹವನ್ನು ಶರಣರು ಒಪ್ಪುತ್ತಿದ್ದರೇ? ಕುಡಿದ ಹುಡುಗನನ್ನು ಕರೆಸಿ ಬೈಯುವ ಆಡಳಿತ ಮಂಡಳಿ, ಕುಡಿಸಿದವರ ಕಾಣಿಕೆಯ ರಸೀದಿ ಹರಿಯುವಾಗ ಕಣ್ಣು ಮುಚ್ಚುತ್ತದೆ.

ಬರುವ ಆಗಸ್ಟ್ 1ಕ್ಕೆ ಮುಂಚೆ ಪ್ರತಿ ಮಠದ ಭಕ್ತರು ಅಳತೆ ಟೇಪು ಹಿಡಿದು ತಮ್ಮ ಮಠದ ಶಾಲೆಯ ಸುತ್ತ 100 ಗಜ ಅಳೆಯಲಿ. ಒಳಗೆ ಸಿಕ್ಕ ಅಂಗಡಿಗಳ ಪಟ್ಟಿ ಮಾಡಿ ಮಠದ ಬಾಗಿಲಿಗೇ ಅಂಟಿಸಲಿ. ಅವುಗಳಲ್ಲಿ ಮಠದ್ದೇ ಮಳಿಗೆಗಳಿದ್ದರೆ, ಅವುಗಳ ಬಾಡಿಗೆ ಕರಾರು ಮೊದಲು ರದ್ದಾಗಲಿ.