ದಯವಿಟ್ಟು ಕೆರೆಗೆ ಮೀನು ಬಿಡಬೇಡಿ

ಕೆರೆಗೆ ಮೀನು ಬಿಡುವುದು ಪುಣ್ಯದ ಕೆಲಸವಲ್ಲ. ಅದು ಬೇಸಾಯ. ಈ ಎರಡು ವಾಕ್ಯಗಳನ್ನು ನಮ್ಮ ಭಾನುವಾರದ ಗಾಳದ ಗುಂಪಿನ ವಾಟ್ಸಾಪ್‌ನಲ್ಲಿ ಬರೆದದ್ದಕ್ಕೆ ಇಬ್ಬರು ಗುಂಪು ಬಿಟ್ಟು ಹೋದರು, ಮೂವರು ನನಗೆ ಫೋನ್ ಮಾಡುವುದನ್ನು ನಿಲ್ಲಿಸಿದರು, ಒಬ್ಬರು ಮಾತ್ರ "ಸಾರ್, ನೀವು ಎಲ್ಲದಕ್ಕೂ ರಿಸ್ಕ್ ರಿಜಿಸ್ಟರ್ ತೆಗೀತೀರಿ" ಅಂತ ಬರೆದರು. ಹೌದು, ತೆಗೆಯುತ್ತೇನೆ. ಇಪ್ಪತ್ತು ವರ್ಷದಿಂದ ಅದಕ್ಕೇ ಸಂಬಳ ಕೊಡುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಗುಂಪಿನಲ್ಲಿರುವ ಕನ್ನಡದವರೆಲ್ಲ ಈ ಪತ್ರಿಕೆ ಓದುತ್ತಾರೆಂದು ನನಗೆ ಗೊತ್ತು.

ವಿಷಯ ಇಷ್ಟು. ವಿಶಾಖಪಟ್ಟಣದಲ್ಲಿ ನಾವು ಸುಮಾರು ಇಪ್ಪತ್ತೈದು ಜನ, ಅರ್ಧದಷ್ಟು ಕನ್ನಡಿಗರು, ಉಳಿದವರು ತೆಲುಗಿನವರು, ಇಬ್ಬರು ಒಡಿಶಾದವರು. ವಾರವೆಲ್ಲ ಮಧುರವಾಡ, ರುಷಿಕೊಂಡದ ಆಫೀಸುಗಳಲ್ಲಿ ಸ್ಕ್ರೀನ್ ನೋಡಿ, ಭಾನುವಾರ ಬೆಳಗಿನ ಜಾವ ಊರಾಚೆಯ ಒಂದು ಜಲಾಶಯದ ದಡದಲ್ಲಿ ಗಾಳ ಹಾಕಿ ಕೂರುತ್ತೇವೆ. ಈಚೆಗೆ ಮೀನು ಕಡಿಮೆ ಬೀಳುತ್ತಿದೆ. ಅದಕ್ಕೊಂದು ಯೋಜನೆ ತಯಾರಾಗಿದೆ: ತಲೆಗೆ 2,000 ರೂಪಾಯಿ ಹಾಕಿ, ಒಂದು ಕಂಪನಿಯ ಸಿಎಸ್‌ಆರ್ ಹಣವನ್ನೂ ಸೇರಿಸಿ, ರೂಪ್‌ಚಂದ್ ಮರಿಗಳನ್ನು ತಂದು ಬಿಡುವುದು. ಬ್ಯಾನರಿನ ಮೇಲೆ "ಜಲಜೀವಿ ಸಂರಕ್ಷಣೆ". ಆಮೇಲೆ ಅಧಿಕಾರಿಗಳನ್ನು ಕಂಡು, ಆ ದಡವನ್ನು "ಹಿಡಿದು ಬಿಡುವವರಿಗೆ ಮಾತ್ರ" ಮೀಸಲಿಡಿ ಎಂದು ಮನವಿ ಕೊಡುವುದು. ಅಂದರೆ ಅಲ್ಲಿ ಬಲೆ ಬೀಸುವವರು ಬಲೆ ಬೀಸಬಾರದು, ತಿನ್ನುವುದಕ್ಕೆ ಹಿಡಿಯುವವರು ಹಿಡಿಯಬಾರದು.

ಈ ಐಡಿಯಾ ಬಂದದ್ದು ಟ್ರೌಟ್ ವೀಡಿಯೊಗಳಿಂದ. ಅಮೆರಿಕದ ಯಾವುದೋ ಕೆರೆಗೆ ಲಾರಿ ಬರುತ್ತದೆ, ಹಿಂದಿನ ಕೊಳವೆಯಿಂದ ಬೆಳ್ಳಿಯ ಹಾಗೆ ಹೊಳೆಯುವ ಮೀನು ಸುರಿಯುತ್ತದೆ, ದಡದಲ್ಲಿ ಸಾಲಾಗಿ ಜನ. ನೋಡಲು ಚೆನ್ನ. ಟ್ರೌಟ್ ನಮ್ಮಲ್ಲಿ ಬದುಕುವುದಿಲ್ಲ ಅನ್ನುವುದು ಗುಂಪಿಗೂ ಗೊತ್ತು. ಅದು ತಣ್ಣೀರಿನ ಮೀನು; ಮೇ ತಿಂಗಳಲ್ಲಿ ಇಲ್ಲಿ ಬಿಟ್ಟರೆ ಸಂಜೆಯೊಳಗೆ ಅರ್ಧ ಸಾರಾಗಿರುತ್ತದೆ. ಅದಕ್ಕೇ ಬದಲಿಗೆ ರೂಪ್‌ಚಂದ್: ಬಿಸಿನೀರು ತಡೆಯುತ್ತದೆ, ಬೇಗ ಬೆಳೆಯುತ್ತದೆ, ಗಾಳಕ್ಕೆ ಸಿಕ್ಕರೆ ಚೆನ್ನಾಗಿ ಜಗ್ಗುತ್ತದೆ. ಅಮೆಜಾನ್ ಕಣಿವೆಯಿಂದ ಬಂದ ಮೀನು, ಪಿರಾನ್ಹಾದ ದಾಯಾದಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಅನ್ನುವುದು ಪವರ್‌ಪಾಯಿಂಟ್‌ನಲ್ಲಿ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಪ್ರಾಜೆಕ್ಟಿಗೆಂದು ಎರಡು ವರ್ಷ ಇದ್ದಾಗ ನಾನೂ ಅಂಥ ದಡದಲ್ಲಿ ಕೂತಿದ್ದೇನೆ. ವೀಡಿಯೊದಲ್ಲಿ ಕಾಣದ ಭಾಗ ಬೇರೆ ಇದೆ. ಹದಿನಾರು ದಾಟಿದ ಪ್ರತಿಯೊಬ್ಬರೂ ಲೈಸೆನ್ಸ್ ಕೊಳ್ಳಬೇಕು. ಯಾವ ನೀರಿಗೆ ಯಾವಾಗ ಮೀನು ಬಿಡುತ್ತೇವೆ ಎಂದು ಸರ್ಕಾರವೇ ಪ್ರಕಟಿಸುತ್ತದೆ. ದಿನಕ್ಕೆ ಇಷ್ಟೇ ಎಂದು ಮಿತಿ ಇದೆ. ನಾನು ಹೋಗುತ್ತಿದ್ದ ಕೆರೆಯಲ್ಲಿ ಐದು. ಜನ ಅದನ್ನು ಐಸ್ ಡಬ್ಬಿಗೆ ಹಾಕಿ ಮನೆಗೆ ಒಯ್ದು ಹುರಿದು ತಿನ್ನುತ್ತಾರೆ. ಹಾಕುವುದು, ತೆಗೆಯುವುದು, ಅಷ್ಟೆ. ಅದನ್ನು ಸಂರಕ್ಷಣೆ ಎಂದು ಯಾರೂ ಕರೆಯುವುದಿಲ್ಲ. ಅದೇ ರಾಜ್ಯದ ಸಿಯೆರಾ ಬೆಟ್ಟಗಳ ಮೇಲಿನ ಕೆರೆಗಳಲ್ಲಿ ಮೊದಲು ಮೀನೇ ಇರಲಿಲ್ಲ. ಗಾಳದವರಿಗಾಗಿ ದಶಕಗಟ್ಟಲೆ ಟ್ರೌಟ್ ಬಿಟ್ಟರು. ಅವು ಅಲ್ಲಿನ ಹಳದಿ ಕಾಲಿನ ಕಪ್ಪೆಯ ಗೊದಮೊಟ್ಟೆಗಳನ್ನು ತಿಂದು ಹಾಕಿದವು. ವಿಷಯ ಕೋರ್ಟಿಗೆ ಹೋಗಿ, 2008ರಿಂದ ಎಷ್ಟೋ ಕೆರೆಗಳಿಗೆ ಮೀನು ಬಿಡುವುದೇ ನಿಂತಿತು. ಈಗ ಕೆಲವು ಕೆರೆಗಳಿಂದ ಅದೇ ಟ್ರೌಟನ್ನು ಬಲೆ ಹಾಕಿ ತೆಗೆಯುತ್ತಿದ್ದಾರೆ. ಬಿಟ್ಟವರೂ ಸರ್ಕಾರದವರೇ, ತೆಗೆಯುವವರೂ ಸರ್ಕಾರದವರೇ, ಎರಡಕ್ಕೂ ಸಂಬಳ.

ನೀಲಗಿರಿಗೆ ಟ್ರೌಟ್ ತಂದವರು ಬ್ರಿಟಿಷರು. ಊಟಿಯ ಹತ್ತಿರ ಅವಲಾಂಚಿಯಲ್ಲಿ ಅದರ ಮರಿ ಮಾಡುವ ಕೇಂದ್ರ ಒಂದು ಶತಮಾನಕ್ಕಿಂತ ಹಳೆಯದು. ಅವರಿಗೆ ಊರ ನೆನಪು ಕಾಡಿತ್ತು, ಊರಿನ ಮೀನು ತಂದರು. ಪರಊರಿನಲ್ಲಿ ಕೂತು ಕುಚ್ಚಲಕ್ಕಿಗೂ ಬ್ಯಾಡಗಿ ಮೆಣಸಿನಕಾಯಿಗೂ ಪಾರ್ಸಲ್ ತರಿಸುವ ನಮಗೆ ಆ ಸಂಕಟ ಅರ್ಥವಾಗಬೇಕು. ಆದರೆ ಮೆಣಸಿನಕಾಯಿ ಡಬ್ಬಿಯಲ್ಲಿ ಉಳಿಯುತ್ತದೆ. ಮೀನು ಉಳಿಯುವುದಿಲ್ಲ.

ಇನ್ನು ನಮ್ಮ ಜಲಾಶಯ. ಅಲ್ಲಿ ಗಾಳಕ್ಕೆ ಬೀಳುವುದು ಹೆಚ್ಚಾಗಿ ಕಾಟ್ಲಾ ಮತ್ತು ರೋಹು, ಇಲ್ಲಿಯವರ ಬಾಯಲ್ಲಿ ಬೊಚ್ಚೆ ಮತ್ತು ಶೀಲಾವತಿ. ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ದೇಶದ ಕೆರೆಗಳಿಗೆಲ್ಲ ಮರಿ ಸಿಗುವಂತಾಯಿತು. ಆ ದಿನವನ್ನು ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಮೀನು ಕೃಷಿಕರ ದಿನ, ಗಮನಿಸಿ. ಅಂದರೆ ನನ್ನ ಗೋಧಿ ಹಿಟ್ಟಿನ ಉಂಡೆ ನುಂಗಿದ ರೋಹು ಅಲ್ಲಿ ತಾನಾಗಿ ಹುಟ್ಟಿದ್ದಲ್ಲ. ಯಾರೋ ದುಡ್ಡು ಕೊಟ್ಟು ಬೆರಳುದ್ದದ ಮರಿ ತಂದು ಬಿಟ್ಟದ್ದು. ನಮ್ಮ ಜಲಾಶಯದ ಮಟ್ಟಿಗೆ ಆ ಯಾರೋ ಎಂದರೆ ಮೀನುಗಾರಿಕೆ ಇಲಾಖೆ ಮತ್ತು ದಡದ ಹಳ್ಳಿಯ ಮೀನುಗಾರರ ಸಹಕಾರ ಸಂಘ. ನಾವು ಕೂತಿರುವುದು ಇನ್ನೊಬ್ಬರ ಗದ್ದೆಯ ಬದುವಿನ ಮೇಲೆ.

ಬದುವಿನ ಮೇಲೆ ಕೂತವನು ಎರಡು ತೆನೆ ಮುರಿದರೆ ರೈತ ಬೈಯುವುದಿಲ್ಲ. ಸಂಘದ ಕಾವಲಿನ ಮುದುಕನೂ ನಮ್ಮನ್ನು ಬೈದಿಲ್ಲ. ನಮ್ಮ ಫ್ಲಾಸ್ಕಿನ ಟೀ ಕುಡಿಯುತ್ತಾನೆ, ಎಲ್ಲಿ ಗಾಳ ಹಾಕಿದರೆ ಕೊರಮೀನು ಸಿಗುತ್ತದೆ ಎಂದು ತೋರಿಸುತ್ತಾನೆ. ರೂಪ್‌ಚಂದ್ ವಿಷಯ ಹೇಳಿದಾಗ ಮಾತ್ರ ಟೀ ಲೋಟ ಕೆಳಗಿಟ್ಟ. "ನಮ್ಮ ಮರೀನ ಅದು ತಿಂದ್ರೆ ನಾವು ಯಾರಿಗೆ ಹೇಳಬೇಕು ಬಾಬೂ?" ಅಂದ. "ನಮ್ಮ ಗುಂಪಿಗೆ ಹೇಳಿ ಬಾಬಾಯ್" ಅನ್ನಲು ನನಗೆ ಬಾಯಿ ಬರಲಿಲ್ಲ. ಗುಂಪಿನ ಅರ್ಧ ಜನ ಮುಂದಿನ ಅಪ್ರೈಸಲ್ ಹೊತ್ತಿಗೆ ಹೈದರಾಬಾದಿನಲ್ಲಿರುತ್ತಾರೆ.

"ಇದೆಲ್ಲ ಅತಿಯಾಯಿತು, ನಾಲ್ಕು ಮರಿ ಬಿಟ್ಟರೆ ಏನಾಗುತ್ತದೆ" ಎನ್ನುವವರಿಗೆ ಅಮೆಜಾನ್‌ವರೆಗೆ ಹೋಗಬೇಕಿಲ್ಲ. ನಮ್ಮ ಕಾವೇರಿಯನ್ನೇ ನೋಡಿ.

ಕಾವೇರಿಯ ಗೂನುಬೆನ್ನಿನ ಮಹಶೀರ್ ಜಗತ್ತಿನ ಗಾಳದವರಿಗೆಲ್ಲ ಕನಸಿನ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದರು. ನಮ್ಮ ಲೆಕ್ಕದಲ್ಲಿ 54 ಕಿಲೋ. ಆಮೇಲೆ ಡೈನಮೈಟು, ಅಣೆಕಟ್ಟು, ಮರಳು. ಮೀನು ಕಡಿಮೆಯಾಯಿತು. ಆಗ ಒಳ್ಳೆಯ ಮನಸ್ಸಿನವರು ಒಂದು ಒಳ್ಳೆಯ ಕೆಲಸ ಮಾಡಿದರು: ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ನಡೆಸುತ್ತಿದ್ದ ಮರಿ ಕೇಂದ್ರದ ಮಹಶೀರ್‌ಗಳನ್ನು ಕಾವೇರಿಗೆ ತಂದು ಬಿಟ್ಟರು. ಮಹಶೀರ್‌ಗೆ ಮಹಶೀರ್, ತಪ್ಪೇನು? ತಪ್ಪೇನೆಂದರೆ, ಅದು ನೀಲಿ ರೆಕ್ಕೆಯ ಬೇರೆ ಜಾತಿ, ಕೃಷ್ಣಾ ಕಣಿವೆಯದು. ಕಾವೇರಿಯದಲ್ಲ.

ಭೀಮೇಶ್ವರಿ, ಗಾಲಿಬೋರೆಯ ಕ್ಯಾಂಪುಗಳಲ್ಲಿ ದೇಶವಿದೇಶದಿಂದ ಬಂದವರು ಮೀನು ಹಿಡಿದು, ತೂಗಿ, ಬಿಟ್ಟು, ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಗಾಲಿಬೋರೆಯ ಆ ಲೆಕ್ಕವನ್ನು ವಿಜ್ಞಾನಿಗಳು ಕೂತು ಓದಿದಾಗ ಗುಟ್ಟು ರಟ್ಟಾಯಿತು. ಗಾಳಕ್ಕೆ ಸಿಗುವ ಮಹಶೀರ್ ಸಂಖ್ಯೆ ಏರುತ್ತಲೇ ಇತ್ತು, ಎಲ್ಲರೂ ಖುಷಿಯಾಗಿದ್ದರು. ಏರುತ್ತಿದ್ದದ್ದು ನೀಲಿ ರೆಕ್ಕೆಯದು. ಗೂನುಬೆನ್ನಿನದು ಕರಗುತ್ತಾ ಕರಗುತ್ತಾ ಇಲ್ಲವೆನ್ನುವಷ್ಟಾಗಿತ್ತು. ಇಡೀ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಆ ಮೀನಿಗೆ ವಿಜ್ಞಾನದ ಸರಿಯಾದ ಹೆಸರು ಗೊತ್ತುಪಡಿಸಿದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನವುಗಳ ಪಟ್ಟಿಗೂ ಸೇರಿತು. ನಾಮಕರಣ ಮತ್ತು ಐಸಿಯು ಒಟ್ಟಿಗೇ.

ಡ್ಯಾಶ್‌ಬೋರ್ಡ್ ಹಸಿರಾಗಿದ್ದು ಪ್ರಾಜೆಕ್ಟ್ ಮುಳುಗುತ್ತಿರುವುದನ್ನು ನಮ್ಮಲ್ಲಿ ಎಲ್ಲರೂ ಕಂಡಿದ್ದೇವೆ. ಇದು ಅದೇ. ಒಂದೇ ವ್ಯತ್ಯಾಸ, ಹೊಳೆಗೆ ರೋಲ್‌ಬ್ಯಾಕ್ ಇಲ್ಲ.

ಹಿಡಿದು ಬಿಡುವವರ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಆ ಕ್ಯಾಂಪುಗಳಿದ್ದಾಗ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಗೈಡುಗಳಾಗಿ ಡೈನಮೈಟಿನವರನ್ನು ಓಡಿಸುತ್ತಿದ್ದರು. ಅವರು ಬರೆದ ಪುಸ್ತಕ ಇಲ್ಲದಿದ್ದರೆ ಮೀನು ಹೋದದ್ದೂ ತಿಳಿಯುತ್ತಿರಲಿಲ್ಲ. ವನ್ಯಧಾಮದೊಳಗೆ ಗಾಳ ಹಾಕಬಾರದೆಂದು 2012ರಲ್ಲಿ ಕ್ಯಾಂಪು ಮುಚ್ಚಿದಾಗ ಹೊಳೆಗೆ ಇದ್ದ ಒಂದು ಕಾವಲೂ ಹೋಯಿತು. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಕಾಡಿನ ಹೊಳೆಯ ಅಪರೂಪದ ಮೀನನ್ನು ಬಿಡುವುದು ಬೇರೆ, ಸಂಘದವರು ಸಾಕಿದ ರೋಹುವನ್ನು ಬಾಯಿ ಹರಿದು, ಒಣಗಿದ ಕೈಯಲ್ಲಿ ಅದರ ಲೋಳೆ ಉಜ್ಜಿ, ಮೂರು ಸೆಲ್ಫಿ ತೆಗೆದು, ಬೆಚ್ಚಗಿನ ನೀರಿಗೆ ಎಸೆದು "ನಾವು ಕೊಲ್ಲುವುದಿಲ್ಲ" ಎನ್ನುವುದು ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹೋರಾಡಿ ಸುಸ್ತಾದ ಮೀನು ಅಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಮರುದಿನ ತೇಲಿದ್ದನ್ನು ನೋಡಲು ನಾವು ಇರುವುದಿಲ್ಲ, ಸೋಮವಾರ ಸ್ಟ್ಯಾಂಡಪ್ ಇರುತ್ತದೆ.

ನಾನು ಭದ್ರಾವತಿಯವನು. ನಮ್ಮ ಕಡೆ ಮೀನಿನ ಜೊತೆ ಎರಡು ನಂಟು ಇತ್ತು. ಶೃಂಗೇರಿಯ ಮೆಟ್ಟಿಲ ಬುಡದಲ್ಲಿ ದೇವರ ಮೀನು, ಅದಕ್ಕೆ ಮಂಡಕ್ಕಿ ಹಾಕು, ಮುಟ್ಟಬೇಡ. ಉಳಿದ ಕಡೆ ಸಾರಿನ ಮೀನು, ಹಿಡಿ, ಅಮ್ಮನಿಗೆ ಕೊಡು. ಎರಡರಲ್ಲೂ ನಾಟಕವಿರಲಿಲ್ಲ.

ಭದ್ರೆಯ ನೀರು ತುಂಗಭದ್ರೆಯಾಗಿ, ಕೃಷ್ಣೆಗೆ ಸೇರಿ, ಕೊನೆಗೆ ವಿಜಯವಾಡಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ಕ್ಲೈಂಟ್ ಕೆಲಸಕ್ಕೆ ಅಲ್ಲಿಗೆ ಹೋದಾಗ ಸಂಜೆ ಪ್ರಕಾಶಂ ಬ್ಯಾರೇಜಿನ ಹತ್ತಿರ ನಿಲ್ಲುತ್ತೇನೆ. ಅಲ್ಲಿನ ಬಲೆಯವರನ್ನು ಕೇಳಿ ನೋಡಿ. ಮೈಮೇಲೆ ತಗಡಿನಂಥ ಚಿಪ್ಪು, ಮುಳ್ಳಿನ ರೆಕ್ಕೆ ಇರುವ ಒಂದು ಮೀನು ಬಲೆಗೆ ಸಿಕ್ಕಿ ಅದನ್ನೇ ಹರಿಯುತ್ತದೆ. ಮಾರಿದರೆ ಯಾರೂ ಕೊಳ್ಳುವುದಿಲ್ಲ. ಅದಕ್ಕೆ ದೆವ್ವದ ಮೀನು ಎಂದೇ ಹೆಸರು. ಹುಟ್ಟೂರು ದಕ್ಷಿಣ ಅಮೆರಿಕ. ಇಲ್ಲಿಗೆ ಬಂದದ್ದು ಅಕ್ವೇರಿಯಂ ಗಾಜು ಕ್ಲೀನ್ ಮಾಡಲು. ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದಾಗ ಒಯ್ದು ಹೊಳೆಗೋ ಕೆರೆಗೋ ಬಿಟ್ಟವರು ಯಾರೂ ಕೆಟ್ಟವರಲ್ಲ. ಕೊಲ್ಲಲು ಮನಸ್ಸು ಬರದವರು.

"ಕೊಲ್ಲೇರಿನ ಸುತ್ತ ಊರುಗಟ್ಟಲೆ ರೂಪ್‌ಚಂದ್ ಸಾಕುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ?" ಎಂದು ಗುಂಪಿನ ಗೋದಾವರಿ ಕಡೆಯ ಗೆಳೆಯರು ಕೇಳಿದರು. ಹೊಂಡಕ್ಕೆ ಏರಿ ಇದೆ, ಯಜಮಾನ ಇದ್ದಾನೆ, ನಷ್ಟವಾದರೆ ಅವನದು. ಆ ಹೊಂಡಗಳೇ ಸರೋವರವನ್ನು ನುಂಗಿದಾಗ 2006ರಲ್ಲಿ ಸರ್ಕಾರ ಯಂತ್ರ ತಂದು ಏರಿ ಒಡೆಸಬೇಕಾಯಿತು, ಅದು ಇನ್ನೊಂದು ದೊಡ್ಡ ಜಗಳ. ಏರಿ ಇರುವ ಕಡೆಯೇ ಅಷ್ಟು ಪಾಡು. ಏರಿಯೇ ಇಲ್ಲದ, ಮಳೆಗಾಲದಲ್ಲಿ ಗೇಟು ಎತ್ತಿದರೆ ಕೆಳಗಿನ ಹಳ್ಳಕ್ಕೆಲ್ಲ ಹರಿಯುವ ನೀರಿಗೆ ನಾವು ಬಿಡಲು ಹೊರಟಿದ್ದೇವೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ರೂಪ್‌ಚಂದ್ ಬೇಡ. ಮನವಿ ಪತ್ರ ಹರಿದು ಹಾಕಿ. ಹಣ ಒಟ್ಟಾಗಿದ್ದರೆ ಸಂಘಕ್ಕೆ ಕೊಡಿ, ಯಾವ ಮರಿ, ಎಷ್ಟು, ಯಾವಾಗ ಎಂದು ಇಲಾಖೆಯವರನ್ನು ಕೇಳಿ ಅವರೇ ಬಿಡಲಿ. ಬ್ಯಾನರ್ ಬೇಕೇ ಬೇಕಾದರೆ ಸಂಘದ ಹೆಸರು ಹಾಕಿ. ಭಾನುವಾರ ದಡದಲ್ಲಿ ಕೂರುವ ಪ್ರತಿಯೊಬ್ಬನೂ ಸಂಘ ಹೇಳಿದಷ್ಟು ದುಡ್ಡು ಕೊಟ್ಟು ರಸೀದಿ ತೆಗೆದುಕೊಳ್ಳಲಿ. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಡುವುದಕ್ಕಿಂತ ಅದು ಹೆಚ್ಚಾಗುವುದಿಲ್ಲ. ದೊಡ್ಡ ಗಾಳದ ಮುಳ್ಳು ಹಾಕೋಣ, ಬಿತ್ತನೆಯ ಮರಿಗಳು ಸಿಕ್ಕಿಬೀಳದಂತೆ. ತಲೆಗೆ ಎರಡು ಮೀನು, ಮನೆಗೆ ಒಯ್ದು ತಿನ್ನುವುದು. ತಿನ್ನದವರು ಗಾಳ ಬಿಟ್ಟು ಬೈನಾಕ್ಯುಲರ್ ತರಲಿ, ಆ ದಡದಲ್ಲಿ ಹಕ್ಕಿಗಳೂ ಬೇಕಾದಷ್ಟಿವೆ.

ಎರಡನೇ ಶನಿವಾರ ಸಂಜೆ ಗುಂಪಿನ ಸಭೆ ಇದೆ. ಸಂಘದ ಕಾರ್ಯದರ್ಶಿಯನ್ನೂ ಕರೆದಿದ್ದೇನೆ, ಬರುತ್ತೇನೆ ಅಂದಿದ್ದಾರೆ. ಸಭೆ ತೆಲುಗಿನಲ್ಲಿ ನಡೆಯುತ್ತದೆ. ಮರಿ ಮಾರುವವನಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರುವುದಿಲ್ಲ ಎಂದು ಖಜಾಂಚಿಗಳು ಚಿಂತೆಯಲ್ಲಿದ್ದಾರೆ. ಅವನ ಹತ್ತಿರ ರೋಹು ಮರಿಯೂ ಇದೆ, ನಾನು ವಿಚಾರಿಸಿದ್ದೇನೆ. ಇಲಾಖೆಯವರು ಒಪ್ಪಿದರೆ ಅದನ್ನೇ ಬದಲಾಯಿಸಿ ಸಂಘಕ್ಕೆ ಕೊಡುತ್ತಾನಂತೆ.